ಪ್ರಾಣಿಹಿಂಸೆ ಕಂಡರೆ ದೂರು ಕೊಡುವುದು ಹೇಗೆ, ಕೇಸು ನಿಲ್ಲುವಂತೆ ಮಾಡುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದಲ್ಲಿ ಠಾಣೆ, ಪಶು ಆಸ್ಪತ್ರೆ, ಮ್ಯಾಜಿಸ್ಟ್ರೇಟ್ ಕೋರ್ಟು ಎಂದು ಓಡಾಡಬೇಕಾಗಿ ಬಂದವರಿಗಾಗಿ ಇದನ್ನು ಬರೆದಿದ್ದೇವೆ. ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇವೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಬಂದಿದೆ, ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಬಂದಿದೆ. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇನ್ನೂ ಓಡಾಡುತ್ತಿರುವ ದೂರಿನ ನಮೂನೆಗಳಲ್ಲಿ 428, 429 ಎಂಬ ಹಳೆಯ ಕಲಂಗಳೇ ಇವೆ. ಅವನ್ನು ಹಾಗೇ ಇಳಿಸಿಕೊಳ್ಳಬೇಡಿ.

ಕಣ್ಣೆದುರೇ ಹೊಡೆಯುತ್ತಿದ್ದಾರೆ. ಮೊದಲು ಏನು ಮಾಡಬೇಕು?

112ಕ್ಕೆ ಕರೆ ಮಾಡಿ. ಜಾಗ, ಗುರುತು ಹಿಡಿಯುವಂಥ ಅಂಗಡಿ ಅಥವಾ ದೇವಸ್ಥಾನದ ಹೆಸರು, ಈಗಲೂ ನಡೆಯುತ್ತಿದೆ ಎಂಬ ಮಾತು, ಇಷ್ಟು ಸಾಕು. ಕರೆಯ ಸಮಯ ಬರೆದಿಟ್ಟುಕೊಳ್ಳಿ, ದೂರಿನಲ್ಲಿ ಅದು ಬೇಕಾಗುತ್ತದೆ. ಗಸ್ತು ವಾಹನ ಬಂದು ಗದರಿಸಿ ಹೋದರೆ ಕೇಸಾಯಿತು ಎಂದುಕೊಳ್ಳುವವರು ಬಹಳ. ಹಾಗಾಗುವುದಿಲ್ಲ. ಲಿಖಿತ ದೂರು ಬೇರೆಯಾಗಿ ಕೊಡಲೇಬೇಕು.

ವಿಡಿಯೋ ಮಾಡುವಾಗ ಸುರಕ್ಷಿತ ದೂರದಲ್ಲಿ ನಿಂತು, ಮೊದಲು ಜಾಗ ಗೊತ್ತಾಗುವಂತೆ ಸುತ್ತ ಒಮ್ಮೆ ತಿರುಗಿಸಿ, ಆಮೇಲೆ ವ್ಯಕ್ತಿಯ ಮುಖ, ಕೈಯಲ್ಲಿರುವ ವಸ್ತು, ವಾಹನವಿದ್ದರೆ ನಂಬರು, ಕೊನೆಗೆ ಪ್ರಾಣಿಯ ಗಾಯ. ನಿಲ್ಲಿಸದೆ ಒಂದೇ ಉದ್ದದ ತುಣುಕು ತೆಗೆಯಿರಿ. ನೀವೇ ಕೂಗಾಡಿ ಬೈದದ್ದು ಅದರಲ್ಲಿ ದಾಖಲಾದರೆ ಎದುರು ಪಕ್ಷದವರು ಅದನ್ನೇ ಹಿಡಿದುಕೊಂಡು ಪ್ರತಿದೂರು ಕೊಡುತ್ತಾರೆ.

ಗಾಯಗೊಂಡದ್ದು ದನ, ಎಮ್ಮೆ, ಕುರಿ, ಮೇಕೆಯಾದರೆ ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಕ್ಕೆ 1962. ಬೆಂಗಳೂರಿನಲ್ಲಿ ಬೀದಿನಾಯಿಗಾದರೆ ಪಾಲಿಕೆಯ 1533. ವನ್ಯಜೀವಿಯಾದರೆ ಅರಣ್ಯ ಇಲಾಖೆಯ 1926.

ಯಾವ ಕಾಯ್ದೆಯಡಿ ದೂರು ಕೊಡಬೇಕು?

ಕೇಸಿನ ಹಣೆಬರಹ ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ, ಹಾಗಾಗಿ ಸ್ವಲ್ಪ ವಿವರವಾಗಿ ಓದಿ.

ಮೊದಲನೆಯದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ. ಇದರ 11ನೇ ಕಲಂ ಹೊಡೆಯುವುದು, ಒದೆಯುವುದು, ಅತಿಭಾರ ಹೇರುವುದು, ಗಾಯವಾದ ಎತ್ತಿಗೆ ನೊಗ ಹೂಡುವುದು, ಇಕ್ಕಟ್ಟಿನ ಪಂಜರ, ಗಿಡ್ಡ ಸರಪಳಿ, ಅನ್ನ ನೀರು ಕೊಡದಿರುವುದು, ಬೀದಿಗೆ ಬಿಟ್ಟು ಹೋಗುವುದು, ಕಾದಾಟಕ್ಕೆ ಬಿಡುವುದು ಎಲ್ಲವನ್ನೂ ಅಪರಾಧವೆಂದು ಹೇಳುತ್ತದೆ. ಪಟ್ಟಿ ಉದ್ದ, ಶಿಕ್ಷೆ ಮಾತ್ರ ನಗೆಪಾಟಲು: ಮೊದಲ ಸಲ 10ರಿಂದ 50 ರೂಪಾಯಿ ದಂಡ. 3 ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ ಅಥವಾ 3 ತಿಂಗಳವರೆಗೆ ಜೈಲು ಅಥವಾ ಎರಡೂ. ದಶಕಗಳ ಹಿಂದೆ ನಿಗದಿಯಾದ ಮೊತ್ತ ಇಂದಿಗೂ ಅದೇ. ತಿದ್ದುಪಡಿಯ ಕರಡು 2022ರಲ್ಲಿ ಹೊರಬಂದಿತ್ತು, ಕಾಯ್ದೆಯಾಗಲಿಲ್ಲ.

ಎರಡನೆಯದು ಬಿಎನ್‌ಎಸ್‌ನ 325ನೇ ಕಲಂ. ಯಾವುದೇ ಪ್ರಾಣಿಯನ್ನು ಕೊಂದರೆ, ವಿಷವಿಕ್ಕಿದರೆ, ಅಂಗಹೀನ ಮಾಡಿದರೆ ಅಥವಾ ನಿರುಪಯೋಗಿಯಾಗಿಸಿದರೆ 5 ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಇದು ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ಕೋರ್ಟಿನ ಅಪ್ಪಣೆಗೆ ಕಾಯದೆ ಎಫ್‌ಐಆರ್ ಹಾಕಿ ತನಿಖೆ ಮಾಡಬಹುದು. ಹಳೆಯ ಐಪಿಸಿಯಲ್ಲಿ ಪ್ರಾಣಿಯ ಬೆಲೆ 10 ರೂಪಾಯಿಯೋ 50 ರೂಪಾಯಿಯೋ ಎಂದು ಲೆಕ್ಕ ಹಾಕಬೇಕಿತ್ತು. ಈಗ ಆ ಗೋಜಿಲ್ಲ.

1960ರ ಕಾಯ್ದೆಯಲ್ಲಿ ಮಾತ್ರ ಹೆಚ್ಚಿನವು ಅಸಂಜ್ಞೇಯ. ಪೊಲೀಸರು ನೇರವಾಗಿ ತನಿಖೆಗೆ ಇಳಿಯಬಹುದಾದದ್ದು 11(1)ರ ‘ಎಲ್’ (ಕ್ರೂರವಾಗಿ ಕೊಲ್ಲುವುದು ಅಥವಾ ಅಂಗಛೇದ, ಇದರಲ್ಲಿ ಬೀದಿನಾಯಿಯೂ ಸೇರಿದೆ), ‘ಎನ್’ (ಪ್ರಾಣಿ ಕಾದಾಟಕ್ಕೆ ಜಾಗ ಮಾಡಿಕೊಡುವುದು), ‘ಒ’ (ಬಿಟ್ಟ ಪ್ರಾಣಿಗೆ ಗುಂಡಿಡುವ ಸ್ಪರ್ಧೆ) ಮತ್ತು ಹಾಲು ಬರಿಸಲು ಮಾಡುವ ಫೂಕಾದಂಥ ಕ್ರಿಯೆಗಳ 12ನೇ ಕಲಂ, ಇಷ್ಟೇ.

ಸಾವು, ವಿಷ, ಶಾಶ್ವತ ಊನ ಇದ್ದಲ್ಲಿ 325 ಮತ್ತು 11(1)(ಎಲ್) ಎರಡನ್ನೂ ಬರೆಯಿರಿ. ಒಂದು ಅಪರಾಧ ಸಂಜ್ಞೇಯವಾದರೆ ಇಡೀ ಪ್ರಕರಣವೇ ಸಂಜ್ಞೇಯವೆನಿಸುತ್ತದೆ (ಬಿಎನ್‌ಎಸ್‌ಎಸ್ 174(4)). ಬರೀ 11ನೇ ಕಲಂ ಬರೆದುಕೊಟ್ಟರೆ ಠಾಣೆಯವರು ಎನ್‌ಸಿಆರ್ (ಅಸಂಜ್ಞೇಯ ಅಪರಾಧವೆಂದು ಬರೆದ ಚೀಟಿ) ಹರಿದುಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ಕೋಲಿನಿಂದ ಹೊಡೆದರು, ನಾಯಿ ಕುಂಟುತ್ತಿದೆ. 325 ಬರುತ್ತದೆಯೇ?

ಪಶುವೈದ್ಯರು ಏನು ಬರೆಯುತ್ತಾರೆ ಎಂಬುದರ ಮೇಲೆ ನಿಂತಿದೆ. ‘ಗಾಯವಾಗಿದೆ, ಚಿಕಿತ್ಸೆ ನೀಡಲಾಗಿದೆ’ ಎಂಬ ಚೀಟಿಯಿಂದ ಪ್ರಯೋಜನವಿಲ್ಲ. ಎಕ್ಸ್‌ರೇ ತೆಗೆಸಿ, ಯಾವ ಮೂಳೆ ಮುರಿದಿದೆ, ಗಾಯ ಎಷ್ಟು ಹೊತ್ತಿನದು, ಮೊಂಡಾದ ಆಯುಧದ್ದೋ ಹರಿತವಾದದ್ದೋ, ಕಾಲು ಮತ್ತೆ ಬಳಕೆಗೆ ಬರುತ್ತದೋ ಇಲ್ಲವೋ ಎಂದು ಬರೆಸಿಕೊಳ್ಳಿ. ಬಾಸುಂಡೆ ಮಾತ್ರವಿದ್ದು ವಾರದಲ್ಲಿ ವಾಸಿಯಾಗುವಂತಿದ್ದರೆ 325 ಎಳೆದು ತರಬೇಡಿ. ಮೊದಲ ವಿಚಾರಣೆಯಲ್ಲೇ ಬಿದ್ದುಹೋಗುತ್ತದೆ, ಜೊತೆಗಿದ್ದ ಸಣ್ಣ ಕಲಮಿನ ಮರ್ಯಾದೆಯನ್ನೂ ಕಳೆಯುತ್ತದೆ.

ಬೀದಿನಾಯಿಗೆ ಮಾಲೀಕರೇ ಇಲ್ಲವಲ್ಲ?

ಆರೋಪಿಯ ವಕೀಲರು ಮೊದಲು ಎತ್ತುವ ತಕರಾರು ಇದೇ. 325ರ ಬುಡದಲ್ಲಿರುವುದು 324ನೇ ಕಲಮಿನ ‘ಕಿಡಿಗೇಡಿತನ’. ಅದಕ್ಕೆ ಒಬ್ಬ ವ್ಯಕ್ತಿಗೆ ಅಥವಾ ಸಾರ್ವಜನಿಕರಿಗೆ ನಷ್ಟವಾಗಿರಬೇಕು. ಆದ್ದರಿಂದ ಆ ನಾಯಿಗೆ ಎಷ್ಟು ಕಾಲದಿಂದ ಯಾರು ಊಟ ಹಾಕುತ್ತಿದ್ದರು, ಲಸಿಕೆ ಚೀಟಿ ಯಾರ ಹೆಸರಲ್ಲಿದೆ, ಪಾಲಿಕೆಯ ವೆಚ್ಚದಲ್ಲಿ ಸಂತಾನಹರಣವಾಗಿ ಕಿವಿ ಕತ್ತರಿಸಿದ ಗುರುತಿದೆಯೇ, ಇವನ್ನು ದೂರಿನಲ್ಲೇ ಸೇರಿಸಿ. ಊಟ ಹಾಕುತ್ತಿದ್ದವರನ್ನೇ ಮೊದಲ ಸಾಕ್ಷಿಯಾಗಿ ಕೊಡಿ. 11(1)(ಎಲ್) ವಿಷಯದಲ್ಲಿ ಈ ತಲೆನೋವಿಲ್ಲ, ಅಲ್ಲಿ ಬೀದಿನಾಯಿಯ ಹೆಸರೇ ಇದೆ.

ವಿಷ ಹಾಕಿ ಸಾಯಿಸಿದ್ದಾರೆ ಎಂಬ ಅನುಮಾನ. ಶವವನ್ನು ಏನು ಮಾಡಬೇಕು?

ಹೂಳಬೇಡಿ, ಸುಡಬೇಡಿ, ಪೌರಕಾರ್ಮಿಕರಿಗೆ ಒಪ್ಪಿಸಬೇಡಿ. ಮರಣೋತ್ತರ ಪರೀಕ್ಷೆಯಿಲ್ಲದ ವಿಷಪ್ರಾಶನದ ಕೇಸು ಬರೀ ಬಾಯಿಮಾತು.

ಮೊದಲು ಬಿದ್ದಲ್ಲೇ ಫೋಟೋ ತೆಗೆಯಿರಿ: ದೂರದಿಂದ, ಹತ್ತಿರದಿಂದ, ಬಾಯಿ, ಮೂಗು, ಕಣ್ಣು, ಪಕ್ಕದಲ್ಲಿ ವಾಂತಿ ಬಿದ್ದಿದ್ದರೆ ಅದೂ. ಉಳಿದ ಮಾಂಸದ ತುಂಡು, ಬಿಸ್ಕತ್ತು, ಅನ್ನದ ಪೊಟ್ಟಣ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಸಾಧ್ಯವಾದಷ್ಟೂ ಪೊಲೀಸರು ಬಂದು ಮಹಜರು ಮಾಡಿ ಎತ್ತಿಕೊಳ್ಳುವವರೆಗೆ ಬಕೆಟ್ ಮುಚ್ಚಿ ಕಾಯಿರಿ. ಮಹಜರಿಗೆ ಇಬ್ಬರು ಪಂಚರು (ಸಾಕ್ಷಿಗಳು) ಬೇಕು, ನಿಮ್ಮ ಬೀದಿಯವರನ್ನೇ ಒಪ್ಪಿಸಿಟ್ಟುಕೊಂಡರೆ ಅರ್ಧ ದಿನ ಉಳಿಯುತ್ತದೆ.

ಶವವನ್ನು ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಸುತ್ತಲೂ ಐಸ್ ಇಡಿ. ಫ್ರೀಜರಿಗೆ ಹಾಕಬೇಡಿ. ಹೆಪ್ಪುಗಟ್ಟಿದರೆ ಅಂಗಾಂಶ ಒಡೆದು ಸೂಕ್ಷ್ಮದರ್ಶಕ ಪರೀಕ್ಷೆ ಕೆಡುತ್ತದೆ. ಬೇಸಿಗೆಯಲ್ಲಿ ಒಂದು ದಿನ ದಾಟಿದರೆ ಕೊಳೆತು ಏನೂ ಸಿಗದಂತಾಗುತ್ತದೆ. ಪರೀಕ್ಷೆ ನಡೆಯುವುದು ಸರ್ಕಾರಿ ಪಶು ಆಸ್ಪತ್ರೆಯಲ್ಲಿ, ಠಾಣೆಯ ಕೋರಿಕೆ ಪತ್ರದ ಮೇಲೆ. ಪತ್ರವಿಲ್ಲದೆ ಶವ ಒಯ್ದರೆ ವಾಪಸು ಕಳಿಸುವ ಸಾಧ್ಯತೆಯೇ ಹೆಚ್ಚು, ಹಾಗಾಗಿ ಠಾಣೆಗೆ ಮೊದಲು ಹೋಗಿ.

ವೈದ್ಯರು ಜಠರ ಮತ್ತು ಅದರೊಳಗಿನದು, ಯಕೃತ್ತು, ಮೂತ್ರಪಿಂಡದ ತುಂಡುಗಳನ್ನು ಬೇರೆ ಬೇರೆ ಬಾಟಲಿಗಳಲ್ಲಿ ತೆಗೆದಿಡುತ್ತಾರೆ. ವಿಷ ಪತ್ತೆಗೆ ಹೋಗುವ ಮಾದರಿಗೆ ಗಟ್ಟಿ ಉಪ್ಪಿನ ದ್ರಾವಣ ಹಾಕಬೇಕು. ಫಾರ್ಮಲಿನ್ ಹಾಕಿದರೆ ಆ ಮಾದರಿ ವಿಷದ ಪರೀಕ್ಷೆಗೆ ಬರುವುದಿಲ್ಲ. ಈ ಅದಲುಬದಲು ಆಗುವುದುಂಟು, ಕೇಳಿ ಖಚಿತಪಡಿಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಬರೀ ಉಪ್ಪಿನ ದ್ರಾವಣದ ಒಂದು ಬಾಟಲಿಯೂ ಜೊತೆಗೆ ಹೋಗಬೇಕು. ಇಲ್ಲದಿದ್ದರೆ ವಿಷ ದ್ರಾವಣದಲ್ಲೇ ಇತ್ತು ಎಂಬ ವಾದಕ್ಕೆ ಎಡೆಯಾಗುತ್ತದೆ. ಪ್ರತಿ ಬಾಟಲಿಗೆ ಅರಗಿನ ಮುದ್ರೆ, ಚೀಟಿ, ಸಹಿ ಹಾಕಿಸಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ತಲುಪಿಸುವುದು ಪೊಲೀಸರ ಕೆಲಸ. ಮಾದರಿ ಠಾಣೆಯ ಮೂಲೆಯಲ್ಲೇ ಉಳಿದಿಲ್ಲವೇ ಎಂದು ವಾರದೊಳಗೆ ವಿಚಾರಿಸಿ.

ಜೊಲ್ಲು ಸುರಿದು, ಕಣ್ಣಿನ ಪಾಪೆ ಸಾಸಿವೆಯಷ್ಟು ಕುಗ್ಗಿ, ಮೈ ನಡುಗಿ ಸತ್ತಿದ್ದರೆ ಹೊಲಕ್ಕೆ ಹಾಕುವ ಕೀಟನಾಶಕದ ಗುಮಾನಿ ಪಡಬಹುದು. ಬಾಯಿಂದ ಕೊಳೆತ ಮೀನಿನ ಅಥವಾ ಬೆಳ್ಳುಳ್ಳಿಯ ವಾಸನೆ ಬಂದರೆ ಇಲಿಪಾಷಾಣದ ಜಿಂಕ್ ಫಾಸ್ಫೈಡ್ ಇರಬಹುದು. ಅದು ಹೊಟ್ಟೆಯ ಆಮ್ಲಕ್ಕೆ ತಾಗಿ ಹೊರಡಿಸುವ ಅನಿಲ ಮನುಷ್ಯರಿಗೂ ಅಪಾಯ, ಮುಖ ಹತ್ತಿರ ಒಯ್ಯಬೇಡಿ. ನೀವು ನೋಡಿದ ಲಕ್ಷಣಗಳನ್ನು ವೈದ್ಯರಿಗೆ ಹೇಳಿ, ಪ್ರಯೋಗಾಲಯಕ್ಕೆ ಯಾವ ವಿಷ ಹುಡುಕಬೇಕೆಂದು ಬರೆಯಲು ಅನುಕೂಲವಾಗುತ್ತದೆ.

ಆಗಲೇ ಹೂತುಬಿಟ್ಟಿದ್ದರೂ ಕೈಚೆಲ್ಲಬೇಕಿಲ್ಲ. 2021ರ ಸೆಪ್ಟೆಂಬರಿನಲ್ಲಿ ಭದ್ರಾವತಿ ತಾಲ್ಲೂಕಿನ ಕಂಬದಾಳು ಹೊಸೂರು ಪಂಚಾಯಿತಿ ವ್ಯಾಪ್ತಿಯಲ್ಲಿ ಹೂತಿದ್ದ ನಾಯಿಗಳ ಶವಗಳನ್ನು ದೂರಿನ ಮೇಲೆ ಹೊರತೆಗೆಯಲಾಗಿತ್ತು.

ಸಿಸಿಟಿವಿ ಇದೆ, ಆದರೆ ಅಂಗಡಿಯವರು ಕೊಡುತ್ತಿಲ್ಲ.

ಅವರು ನಿಮಗೆ ಕೊಡಲೇಬೇಕೆಂದಿಲ್ಲ, ಪೊಲೀಸರು ಬಿಎನ್‌ಎಸ್‌ಎಸ್ 94ನೇ ಕಲಮಿನಡಿ ಕೇಳಿದರೆ ಕೊಡಬೇಕು. ಸಮಸ್ಯೆಯೆಂದರೆ ಅಷ್ಟು ಹೊತ್ತಿಗೆ ಹಳೆಯ ದೃಶ್ಯದ ಮೇಲೆ ಹೊಸದು ಕೂತಿರುತ್ತದೆ. ಎಷ್ಟೋ ಅಂಗಡಿಗಳಲ್ಲಿ ಒಂದು ವಾರವೂ ಉಳಿಯುವುದಿಲ್ಲ. ಅವತ್ತೇ ಅಂಗಡಿಯವರಿಗೆ ಅಥವಾ ಅಪಾರ್ಟ್‌ಮೆಂಟ್ ಸಂಘಕ್ಕೆ ‘ಇಂಥ ದಿನ ಇಷ್ಟರಿಂದ ಇಷ್ಟು ಗಂಟೆಯ ದೃಶ್ಯ ಅಳಿಸಬೇಡಿ’ ಎಂದು ಬರೆದು ಕೊಡಿ, ಅದರ ಪ್ರತಿಯನ್ನು ದೂರಿಗೆ ಲಗತ್ತಿಸಿ.

ನಿಮ್ಮದೇ ಮೊಬೈಲಿನ ವಿಡಿಯೋ ಆದರೆ ಮೂಲ ಕಡತ ಅದೇ ಫೋನಿನಲ್ಲಿ ಇರಲಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದು ಕುಗ್ಗಿರುತ್ತದೆ, ತಾರೀಖು ಜಾಗದ ವಿವರವೂ ಕಳಚಿರುತ್ತದೆ. ಪೆನ್‌ಡ್ರೈವ್‌ಗೆ ನಕಲಿಸಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ‘ಎ’ ಭಾಗ ನೀವು, ‘ಬಿ’ ಭಾಗ ತಜ್ಞರು ತುಂಬಬೇಕು, ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲ ಎಂದು ತೋರಿಸುವ ಗುರುತು ಸಂಖ್ಯೆ) ನಮೂದಿಸಬೇಕು. ಒಳ್ಳೆಯ ವಿಡಿಯೋ ಇದ್ದೂ ಕೇಸು ಬಿದ್ದುಹೋಗಲು ಈ ಒಂದು ಹಾಳೆ ಇಲ್ಲದಿರುವುದೇ ಸಾಕು.

ದೂರು ಹೇಗೆ ಬರೆಯಬೇಕು?

ಒಂದೇ ಪುಟ, ಕನ್ನಡದಲ್ಲೇ. ಮೂಕಪ್ರಾಣಿಗಳ ಬಗ್ಗೆ ಪ್ರಬಂಧ ಬೇಡ, ಪೊಲೀಸರಿಗೆ ಬೇಕಿರುವುದು ಎಫ್‌ಐಆರ್‌ನ ಅಂಕಣ ತುಂಬಿಸುವಷ್ಟು ಸಂಗತಿ. ತಿರುಳು ಹೀಗಿರಲಿ:

‘ದಿನಾಂಕ ___ ರಂದು ಬೆಳಿಗ್ಗೆ ಸುಮಾರು 6.40ಕ್ಕೆ ___ ಅಡ್ಡರಸ್ತೆಯ ___ ಅಂಗಡಿ ಎದುರು, ___ ಎಂಬುವವರು ಕಬ್ಬಿಣದ ರಾಡಿನಿಂದ ಕಂದು ಬಣ್ಣದ ಹೆಣ್ಣು ನಾಯಿಯ ತಲೆಗೆ ಮೂರು ಬಾರಿ ಹೊಡೆದದ್ದನ್ನು ನಾನು ಸುಮಾರು 20 ಅಡಿ ದೂರದಿಂದ ಕಣ್ಣಾರೆ ನೋಡಿದ್ದೇನೆ. ನಾಯಿ ಸ್ಥಳದಲ್ಲೇ ಸತ್ತಿದೆ. ___ ಮತ್ತು ___ ಇವರೂ ನೋಡಿದ್ದಾರೆ. 6.45ಕ್ಕೆ 112ಕ್ಕೆ ಕರೆ ಮಾಡಿರುತ್ತೇನೆ. ಈ ಕೃತ್ಯ ಬಿಎನ್‌ಎಸ್ ಕಲಂ 325 ಹಾಗೂ ಪ್ರಾಣಿಹಿಂಸೆ ತಡೆ ಕಾಯ್ದೆ 1960ರ ಕಲಂ 11(1)(ಎ) ಮತ್ತು (ಎಲ್) ಅಡಿ ಅಪರಾಧವಾಗಿದ್ದು, ಎಫ್‌ಐಆರ್ ದಾಖಲಿಸಿ, ಶವದ ಮರಣೋತ್ತರ ಪರೀಕ್ಷೆ ಮಾಡಿಸಬೇಕೆಂದು ಕೋರುತ್ತೇನೆ.’

ಕಂಡದ್ದನ್ನು ‘ಕಂಡೆ’ ಎಂದೂ ಕೇಳಿದ್ದನ್ನು ‘ಇಂಥವರು ಹೇಳಿದರು’ ಎಂದೂ ಬೇರೆ ಮಾಡಿ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ‘ಅಪರಿಚಿತ’ ಎಂದರೆ ಸಾಕು, ಗುಮಾನಿಯ ಮೇಲೆ ಹೆಸರು ತುರುಕಬೇಡಿ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಠಾಣೆಯ ಮೊಹರು, ಸಹಿ, ತಾರೀಖು ಹಾಕಿಸಿಕೊಳ್ಳಿ. ಎಫ್‌ಐಆರ್ ಪ್ರತಿ ಉಚಿತ. ಇಮೇಲಿನಲ್ಲೂ ದೂರು ಕಳಿಸಬಹುದು, ಆದರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಬೇರೆ ಠಾಣೆಯ ಸರಹದ್ದು ಎಂದು ಅಟ್ಟುವಂತಿಲ್ಲ, ಶೂನ್ಯ ಎಫ್‌ಐಆರ್ ಹಾಕಿ ವರ್ಗಾಯಿಸಬೇಕು.

ದೂರು ತೆಗೆದುಕೊಳ್ಳುತ್ತಿಲ್ಲ. ಅಥವಾ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟುಬಿಟ್ಟರು.

ಮುಚ್ಚಳಿಕೆಯೆಂದರೆ ‘ಇನ್ನು ಮುಂದೆ ಹೀಗೆ ಮಾಡುವುದಿಲ್ಲ’ ಎಂಬ ಕಾಗದ, ಕಾನೂನಿನ ಕಣ್ಣಲ್ಲಿ ಶಿಕ್ಷೆಯಲ್ಲ. ಹಿಂಬರಹ (ದೂರಿಗೆ ಠಾಣೆಯವರು ಬರೆದುಕೊಡುವ ಉತ್ತರ) ಕೊಟ್ಟಿದ್ದರೆ ಅದರ ಪ್ರತಿ ಇಟ್ಟುಕೊಳ್ಳಿ. ಆಮೇಲಿನ ಹೆಜ್ಜೆ ಜಿಲ್ಲೆಯಲ್ಲಿ ಎಸ್‌ಪಿಗೆ, ಬೆಂಗಳೂರಿನಂಥ ಕಮಿಷನರೇಟ್ ಇರುವಲ್ಲಿ ಡಿಸಿಪಿಗೆ, ನೋಂದಾಯಿತ ಅಂಚೆಯಲ್ಲಿ ದೂರಿನ ಸಾರಾಂಶ ಕಳಿಸುವುದು (ಬಿಎನ್‌ಎಸ್‌ಎಸ್ 173(4)). ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ 175(3)ರ ಅರ್ಜಿ. ಇದಕ್ಕೆ ಪ್ರಮಾಣಪತ್ರ (ಅಫಿಡವಿಟ್) ಮತ್ತು ಎಸ್‌ಪಿಗೆ ಬರೆದ ಪತ್ರದ ರಸೀದಿ ಎರಡೂ ಬೇಕು. ಈ ಮೆಟ್ಟಿಲು ಹಾರಿ ನೇರ ಕೋರ್ಟಿಗೆ ಹೋದವರ ಅರ್ಜಿ ತಿರಸ್ಕೃತವಾಗುತ್ತದೆ.

‘ಪ್ರಾಥಮಿಕ ವಿಚಾರಣೆ ಮಾಡುತ್ತೇವೆ’ ಎಂದರೆ ಅದು ನೆಪವೇ ಇರಬೇಕೆಂದಿಲ್ಲ. 3ರಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಹಾಗೆ ಮಾಡಲು 173(3) ಅವಕಾಶ ಕೊಟ್ಟಿದೆ, 325 ಆ ವ್ಯಾಪ್ತಿಗೆ ಬರುತ್ತದೆ. 15ನೇ ದಿನ ಹೋಗಿ ಕೇಳಿ.

ಬರೀ ಅಸಂಜ್ಞೇಯ ಅಪರಾಧವಾದರೆ ತನಿಖೆಗೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಕಾರಣ ಬರೆಯದೆ ‘ಅನುಮತಿಸಲಾಗಿದೆ’ ಎಂದು ಒಂದೇ ಪದ ಗೀಚಿದ ಆದೇಶಗಳನ್ನೂ ಅದರ ಮೇಲೆ ನಿಂತ ಕೇಸುಗಳನ್ನೂ ಕರ್ನಾಟಕ ಹೈಕೋರ್ಟ್ ಮತ್ತೆ ಮತ್ತೆ ರದ್ದುಪಡಿಸಿದೆ. ಇನ್ನೊಂದು ದಾರಿ ಬಿಎನ್‌ಎಸ್‌ಎಸ್ 223ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಗೇ ಕೊಡುವ ಖಾಸಗಿ ದೂರು.

ಎಲ್ಲಕ್ಕಿಂತ ಮುಖ್ಯವಾಗಿ, 1960ರ ಕಾಯ್ದೆಯ 36ನೇ ಕಲಮಿನ ಪ್ರಕಾರ ಕೃತ್ಯ ನಡೆದು 3 ತಿಂಗಳಾದ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಠಾಣೆಗೆ ಅಲೆಯುವುದರಲ್ಲೇ ಈ ಗಡುವು ಕಳೆದುಹೋಗುತ್ತದೆ. ಎರಡು ತಿಂಗಳಾದರೂ ಏನೂ ಚಲನೆಯಿಲ್ಲದಿದ್ದರೆ ವಕೀಲರನ್ನು ಹಿಡಿಯಿರಿ. 325ಕ್ಕೆ ಈ ಕಾಲಮಿತಿ ಇಲ್ಲ.

ಪಕ್ಕದ ಮನೆಯವರು ನಾಯಿಯನ್ನು ತಾರಸಿಯ ಮೇಲೆ ಹಗಲೂ ರಾತ್ರಿ ಕಟ್ಟಿಹಾಕುತ್ತಾರೆ.

ಇದು 11(1)ರ ‘ಎಫ್’, ‘ಜಿ’, ‘ಎಚ್’. ಅಸಂಜ್ಞೇಯ, 50 ರೂಪಾಯಿ ದಂಡ. ಇಂಥಲ್ಲಿ ಶಿಕ್ಷೆಯ ಹಿಂದೆ ಓಡುವುದು ವ್ಯರ್ಥ, ನಾಯಿಯನ್ನು ಅಲ್ಲಿಂದ ಬಿಡಿಸುವುದೇ ಗುರಿಯಾಗಲಿ. ಅದಕ್ಕೆ 1960ರ ಕಾಯ್ದೆಯಲ್ಲೇ 34ನೇ ಕಲಂ ಇದೆ: ಕಾನ್‌ಸ್ಟೆಬಲ್‌ಗಿಂತ ಮೇಲಿನ ದರ್ಜೆಯ ಯಾವುದೇ ಪೊಲೀಸ್ ಅಧಿಕಾರಿ, ಅಪರಾಧ ನಡೆಯುತ್ತಿದೆ ಎಂದು ನಂಬಲು ಕಾರಣವಿದ್ದರೆ ಪ್ರಾಣಿಯನ್ನು ವಶಕ್ಕೆ ಪಡೆದು ಪಶುವೈದ್ಯಾಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬಹುದು. ಠಾಣೆಯಲ್ಲಿ ಈ ಕಲಂ ಗೊತ್ತಿರುವುದು ಅಪರೂಪ, ಮುದ್ರಿಸಿ ಒಯ್ಯಿರಿ. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ನಿಮ್ಮ ಮನೆಯೊಳಗಿಂದಲೇ ತೆಗೆದ ಫೋಟೋಗಳು, ಖಾಲಿ ನೀರಿನ ಬಟ್ಟಲು, ಮಧ್ಯಾಹ್ನದ ಬಿಸಿಲು ಕಾಣುವಂತಿರಲಿ. ಅವರ ತಾರಸಿ ಹತ್ತಿ ನಾಯಿ ಬಿಚ್ಚಿಕೊಂಡು ಬಂದರೆ ಕಳ್ಳತನ, ಅತಿಕ್ರಮ ಪ್ರವೇಶದ ಕೇಸು ನಿಮ್ಮ ಮೇಲೆ ಬೀಳುತ್ತದೆ.

ವಶಪಡಿಸಿಕೊಂಡ ಪ್ರಾಣಿ ಎಲ್ಲಿರುತ್ತದೆ? ಮಾಲೀಕರು ಮತ್ತೆ ಒಯ್ಯುತ್ತಾರಾ?

ಪ್ರಕರಣದ ಸ್ವತ್ತಾದ ಪ್ರಾಣಿಗಳ ಆರೈಕೆಗೆಂದೇ 2017ರ ನಿಯಮಗಳಿವೆ. ಮೊಕದ್ದಮೆ ಮುಗಿಯುವವರೆಗೆ ಪಿಂಜರಾಪೋಲ್ (ಅಶಕ್ತ ಪ್ರಾಣಿಗಳ ಆಶ್ರಯತಾಣ), ಗೋಶಾಲೆ, ಪ್ರಾಣಿದಯಾ ಸಂಘ ಅಥವಾ ಪ್ರಾಣಿ ಕಲ್ಯಾಣ ಸಂಸ್ಥೆಯ ವಶಕ್ಕೆ ಕೊಡಲು ಮ್ಯಾಜಿಸ್ಟ್ರೇಟರು ಆದೇಶಿಸಬಹುದು, ಖರ್ಚು ಆರೋಪಿಯ ತಲೆಗೆ. ಮಾಲೀಕರು ಬಿಎನ್‌ಎಸ್‌ಎಸ್ 497 ಅಥವಾ 503ರಡಿ ಬಿಡುಗಡೆಗೆ ಅರ್ಜಿ ಹಾಕುವುದು ಖಂಡಿತ, ಅದೂ ಬಹುಬೇಗ. ಆಶ್ರಯ ಕೊಟ್ಟ ಸಂಸ್ಥೆ ಅಂದೇ ಆಕ್ಷೇಪಣೆ ಸಲ್ಲಿಸದಿದ್ದರೆ ಪ್ರಾಣಿ ಅದೇ ಮನೆಗೆ ಮರಳುತ್ತದೆ. ಬಂದ ದಿನದ ತೂಕ, ಗಾಯದ ಫೋಟೋ, ದಿನದ ಮೇವು ಔಷಧದ ಬಿಲ್ಲು ಇದ್ದರೆ ಆಕ್ಷೇಪಣೆಗೆ ಬಲ.

ಲಾರಿಯಲ್ಲಿ ಜಾನುವಾರು ತುಂಬಿಕೊಂಡು ಹೋಗುತ್ತಿದ್ದಾರೆ. ಅಡ್ಡಗಟ್ಟಬಹುದೇ?

ಬೇಡ. ಅಡ್ಡಗಟ್ಟುವ, ಥಳಿಸುವ ಅಧಿಕಾರ ಯಾರಿಗೂ ಇಲ್ಲ, ಅದು ಬೇರೆಯೇ ಅಪರಾಧ. ನಂಬರು, ದಿಕ್ಕು, ಮುಂದೆ ಬರುವ ಟೋಲ್ ಗೇಟು ಇಷ್ಟನ್ನು 112ಕ್ಕೆ ತಿಳಿಸಿ. 1978ರ ಸಾಗಣೆ ನಿಯಮಗಳ ಪ್ರಕಾರ ಒಂದು ಸರಕು ವಾಹನದಲ್ಲಿ 6ಕ್ಕಿಂತ ಹೆಚ್ಚು ದನ ಹಾಕುವಂತಿಲ್ಲ, ಪಶುವೈದ್ಯರ ಪ್ರಮಾಣಪತ್ರವೂ ಇರಬೇಕು. ಗೋಹತ್ಯೆ ತಡೆಯ 2020ರ ರಾಜ್ಯ ಕಾಯ್ದೆ ಬೇರೆ ವಿಷಯ, ಪ್ರಾಣಿಗಳನ್ನು ಕಾನೂನುಬದ್ಧವಾಗಿ ಸಂತೆಗೆ ಒಯ್ಯುವವರೂ ಇದ್ದಾರೆ. ಎರಡನ್ನೂ ಕಲಸುವುದರಿಂದ ಹಿಂಸೆಯ ಕೇಸು ಮೂಲೆಗೆ ಬೀಳುತ್ತದೆ.

ಎತ್ತಿನ ಗಾಡಿಗೆ ಏನಾದರೂ ಮಿತಿ ಇದೆಯೇ?

ಇದೆ. 1965ರ ನಿಯಮಗಳಂತೆ ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ತಾಪಮಾನ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಇದು ಬಹುತೇಕ ದಿನಗಳಿಗೆ ಅನ್ವಯ.

ಕೋಳಿ ಅಂಕ, ಕಂಬಳದ ಬಗ್ಗೆ?

ಕೋಳಿ ಅಂಕ ಅಪರಾಧವೇ. ಜಾಗ ಕೊಟ್ಟು ನಡೆಸಿದವರ ಮೇಲೆ 11(1)(ಎನ್) ಸಂಜ್ಞೇಯ, ಬಾಜಿ ಕಟ್ಟಿದ್ದರೆ ಜೂಜಿನ ಕೇಸೂ ಸೇರುತ್ತದೆ. ಅಂಕ ನಡೆಯುತ್ತಿರುವಾಗಲೇ ಮಾಹಿತಿ ಹೋಗಬೇಕು, ಮುಗಿದ ಮೇಲೆ ಗದ್ದೆಯಲ್ಲಿ ಪುಕ್ಕ ಬಿಟ್ಟು ಬೇರೇನೂ ಸಿಗುವುದಿಲ್ಲ. ಕಂಬಳ ಹಾಗಲ್ಲ. ರಾಜ್ಯದ 2017ರ ತಿದ್ದುಪಡಿ ಅದಕ್ಕೆ ಅವಕಾಶ ಕೊಟ್ಟಿದೆ, 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿದಿದೆ. ಕಂಬಳವನ್ನೇ ನಿಲ್ಲಿಸಿ ಎಂಬ ದೂರು ನಿಲ್ಲದು, ಷರತ್ತು ಮೀರಿದ ನಿರ್ದಿಷ್ಟ ಕೃತ್ಯವಿದ್ದರೆ ಮಾತ್ರ ಬರೆಯಿರಿ.

ಹಾವು ಕೊಂದರು, ನವಿಲಿಗೆ ಉರುಳು ಹಾಕಿದರು, ಮನೆಯಲ್ಲಿ ಗಿಳಿ ಸಾಕಿದ್ದಾರೆ.

ಮೂರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಬರುತ್ತವೆ, ದೂರು ವಲಯ ಅರಣ್ಯಾಧಿಕಾರಿಗೆ. ಗಾಯಗೊಳಿಸುವುದು, ಹಿಡಿಯುವುದು, ಉರುಳು ಹಾಕುವುದು ಎಲ್ಲವೂ ಅಲ್ಲಿ ‘ಬೇಟೆ’. ನವಿಲು, ನಾಗರಹಾವು ಮೊದಲ ಪರಿಚ್ಛೇದದವು, ಶಿಕ್ಷೆ 3ರಿಂದ 7 ವರ್ಷ. ನಮ್ಮೂರಿನ ಹಸಿರು ಗಿಳಿಯನ್ನು ಪಂಜರದಲ್ಲಿಡುವುದೂ ಅಪರಾಧ.

ಬೀದಿನಾಯಿಗೆ ಊಟ ಹಾಕಲು ಬಿಡುತ್ತಿಲ್ಲ.

2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ನಿವಾಸಿಗಳ ಸಂಘವೇ ಊಟದ ಜಾಗ ಗುರುತಿಸಬೇಕು ಎನ್ನುತ್ತವೆ. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಗೊತ್ತುಪಡಿಸಿದ ಜಾಗದಲ್ಲಿ ಮಾತ್ರ ಹಾಕಬೇಕು ಎಂದಿದೆ, ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ನಾಯಿಗಳನ್ನು ತೆರವು ಮಾಡಲು ಹೇಳಿದೆ. ಹಾಗಾಗಿ ಎಲ್ಲೆಂದರಲ್ಲಿ ಹಾಕುತ್ತೇನೆಂದು ವಾದ ಮಾಡಬೇಡಿ, ಜಾಗ ಗುರುತಿಸಿಕೊಡಿ ಎಂದು ಪಾಲಿಕೆಗೆ ಅರ್ಜಿ ಕೊಡಿ. ಊಟ ಹಾಕುವವರ ಮೇಲೆ ಕೈ ಮಾಡಿದರೆ, ಬೆದರಿಸಿದರೆ ಅದು ಮನುಷ್ಯರ ಮೇಲಿನ ಅಪರಾಧ, ಬೇರೆ ದೂರು.

ಆರೋಪಿಯ ಫೋಟೋ ಜಾಲತಾಣದಲ್ಲಿ ಹಾಕಬಹುದೇ?

ಎಫ್‌ಐಆರ್ ಆಗುವ ಮೊದಲು ಬೇಡ. ಮಾನನಷ್ಟದ ಬಿಎನ್‌ಎಸ್ ಕಲಂ 356 ಒಂದು ಕಡೆ, ಆರೋಪಿ ಎಚ್ಚೆತ್ತು ರಾಡು, ಬಟ್ಟೆ, ಸಿಸಿಟಿವಿ ಎಲ್ಲ ಮಾಯ ಮಾಡುವುದು ಇನ್ನೊಂದು ಕಡೆ.

ಆರೋಪಿ ಅದೇ ದಿನ ಮನೆಗೆ ಬಂದಿದ್ದಾನೆ. ದುಡ್ಡು ಕೊಟ್ಟನೇ?

ಕೊಡಬೇಕಿಲ್ಲ. 325 ಜಾಮೀನು ಸಿಗುವ ಅಪರಾಧ, ಬಹುತೇಕ ನೋಟಿಸು ಕೊಟ್ಟು ಕಳಿಸುತ್ತಾರೆ. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ದೂರುದಾರರಿಗೆ ತಿಳಿಸುವುದು ಪೊಲೀಸರ ಕರ್ತವ್ಯ (ಬಿಎನ್‌ಎಸ್‌ಎಸ್ 193(3)).

ಬಿ ರಿಪೋರ್ಟ್ ಹಾಕಿದ್ದಾರೆ ಎಂದು ನೋಟಿಸು ಬಂದಿದೆ.

ಸಾಕ್ಷ್ಯ ಇಲ್ಲ ಎಂದು ಕೇಸು ಮುಚ್ಚಲು ಕೇಳಿದ್ದಾರೆ ಎಂದರ್ಥ. ನೋಟಿಸಿನ ದಿನ ಕೋರ್ಟಿಗೆ ಹೋಗಿ ತಕರಾರು ಅರ್ಜಿ ಸಲ್ಲಿಸಿ: ಯಾವ ಸಾಕ್ಷಿಯ ಹೇಳಿಕೆ ಪಡೆದಿಲ್ಲ, ಯಾವ ಮಾದರಿ ಪ್ರಯೋಗಾಲಯಕ್ಕೆ ಹೋಗಿಲ್ಲ, ಯಾವ ಸಿಸಿಟಿವಿ ಕೇಳಿಲ್ಲ ಎಂದು ಒಂದೊಂದಾಗಿ. ಹಾಜರಾಗದಿದ್ದರೆ ರಿಪೋರ್ಟು ಅಂಗೀಕಾರವಾಗಿ ಕಡತ ಮುಚ್ಚುತ್ತದೆ.

ಆರೋಪಿ ತಪ್ಪೊಪ್ಪಿಕೊಂಡು 50 ರೂಪಾಯಿ ಕಟ್ಟಿ ಹೋದ. ಇನ್ನೇನು ಉಳಿಯಿತು?

ಎರಡಿದೆ. ಶಿಕ್ಷೆಯಾದ ವ್ಯಕ್ತಿ ಪ್ರಾಣಿಯ ಮಾಲೀಕನಾಗಿದ್ದರೆ, ಅವನ ಬಳಿ ಬಿಟ್ಟರೆ ಮತ್ತೆ ಹಿಂಸೆಯಾಗುತ್ತದೆ ಎಂದು ತೋರಿಸಿ 1960ರ ಕಾಯ್ದೆಯ 29ನೇ ಕಲಮಿನಡಿ ಒಡೆತನವನ್ನೇ ಕಿತ್ತುಕೊಳ್ಳುವಂತೆ ಕೋರ್ಟನ್ನು ಕೇಳಲು ಸರ್ಕಾರಿ ಅಭಿಯೋಜಕರಿಗೆ ಮೊದಲೇ ಹೇಳಿಟ್ಟಿರಬೇಕು. ಹಿಂದಿನ ಶಿಕ್ಷೆ, ನಡತೆಯ ದಾಖಲೆ ಇದ್ದರೆ ಕೈಗೆ ಕೊಡಿ. ಎರಡನೆಯದು, ತೀರ್ಪಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿ ಪಡೆದು ಜೋಪಾನ ಮಾಡಿ. 3 ವರ್ಷದೊಳಗೆ ಅದೇ ವ್ಯಕ್ತಿ ಮತ್ತೆ ಸಿಕ್ಕಿಬಿದ್ದಾಗ ಜೈಲಿನ ಮಾತು ಬರುವುದು ಆ ನಕಲನ್ನು ಕೋರ್ಟಿನ ಮುಂದಿಟ್ಟರೆ ಮಾತ್ರ, ಠಾಣೆಯವರು ಹಳೆಯ ಕಡತ ಹುಡುಕಿ ತರುತ್ತಾರೆಂದು ಕಾಯಬೇಡಿ.